ಅಂಗಳದ ಬಿಳಿ ದೀಪ, ಬಚ್ಚಲಮನೆಯ ಜೇಡ: ಶಿರಸಿ ಹತ್ತಿರದ ಒಂದು ಮನೆಯ ಪ್ರಕರಣ ಅಧ್ಯಯನ

ಚೌತಿ ಹಬ್ಬ ಕಳೆದು ಎರಡು ವಾರ ಆಗಿತ್ತು. ಅಕ್ಕ ಫೋನ್ ಮಾಡಿದಳು. "ತಂಗೀ, ಮನೆ ತುಂಬ ಜೇಡ. ಮಗಳ ಕುತ್ತಿಗೆ ಮೇಲೆ ಜೇಡ ಉಚ್ಚೆ ಹೊಯ್ದು ಸುಟ್ಟ ಹಾಗೆ ಆಗಿದೆ. ಪೇಟೆಯಿಂದ ಜನ ಕರೆಸಿ ಔಷಧ ಹೊಡೆಸಿದೆವು. ಆಮೇಲೆ ಮತ್ತೂ ಜಾಸ್ತಿ ಆಗಿವೆ. ನೀನೊಂದು ಸಲ ಬಂದು ನೋಡು."

ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಜೇಡ ಅಂದರೆ ನನಗೆ ಚಿಕ್ಕಂದಿನಿಂದ ಪ್ರೀತಿ. ಆದರೆ ಹೆದರಿದವರ ಮುಂದೆ ಪ್ರೀತಿಯ ಮಾತು ಕೆಲಸಕ್ಕೆ ಬರುವುದಿಲ್ಲ. ಮಗುವಿಗೆ ಗಾಯ ಆದ ಮನೆಯಲ್ಲಂತೂ ಇಲ್ಲವೇ ಇಲ್ಲ. ಶನಿವಾರ ಬಸ್ಸು ಹತ್ತಿದೆ. ಅಲ್ಲಿ ಏನು ನೋಡಿದೆ, ಏನು ಮಾಡಿದೆವು, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯ ಬೇರೆ ಮನೆಗಳಿಗೂ ಉಪಯೋಗ ಆಗಬಹುದು.

ಮನೆ ಮತ್ತು ಅದರ ಸುತ್ತಮುತ್ತ

ಶಿರಸಿಯಿಂದ ಕುಮಟಾಕ್ಕೆ ಹೋಗುವ ರಸ್ತೆಯಲ್ಲಿ, ದೇವಿಮನೆ ಘಟ್ಟ ಶುರುವಾಗುವ ಮೊದಲೇ ಒಳಗೆ ತಿರುಗಿದರೆ ಅಕ್ಕನ ಮನೆ. ಹಳೇ ಭಾಗಕ್ಕೆ ಹಂಚಿನ ಮಾಡು. ಹಿಂದೆ ಹೊಸದಾಗಿ ಕಟ್ಟಿದ ಆರ್‌ಸಿಸಿ ಕೋಣೆ, ಅದಕ್ಕೆ ತಾಗಿ ಬಚ್ಚಲಮನೆ. ಮುಂದೆ ಅಂಗಳ, ಅಂಗಳದ ಕೆಳಗೆ ಗದ್ದೆ, ಗದ್ದೆ ದಾಟಿದರೆ ಅಡಿಕೆ ತೋಟ. ಮಳೆಗಾಲಕ್ಕೆ ಅಂತ ಒಣ ಕಟ್ಟಿಗೆಯನ್ನು ಬಚ್ಚಲ ಗೋಡೆಗೆ ಒತ್ತಿ ಪೇರಿಸಿಟ್ಟಿದ್ದರು. ಜಡಿಮಳೆ ಒಳಗೆ ಹೊಡೆಯದಂತೆ ಕಟ್ಟಿದ ಸೋಗೆ ತಟ್ಟಿ ಇನ್ನೂ ಬಿಚ್ಚಿರಲಿಲ್ಲ. ಅಟ್ಟದ ಮೇಲೆ ಖಾಲಿ ಗೋಣಿಚೀಲ, ಹಳೇ ರಟ್ಟಿನ ಪೆಟ್ಟಿಗೆ, ಒಡೆದ ಬುಟ್ಟಿ. ನಮ್ಮ ಕಡೆ ಯಾರ ಮನೆ ಹೊಕ್ಕರೂ ಇದೇ ನೋಟ ಅಲ್ವಾ?

ಒಂದೇ ಒಂದು ಹೊಸ ವಸ್ತು ಇತ್ತು. ಆ ವರ್ಷ ಕಾಡುಹಂದಿ ಗದ್ದೆಗೆ ಇಳಿಯುವುದು ಜಾಸ್ತಿ ಆಗಿತ್ತು. ಅದಕ್ಕೆ ಭಾವ ಆಗಸ್ಟಿನಲ್ಲಿ ಜಗಲಿಯ ತೊಲೆಗೆ 50 ವ್ಯಾಟ್‌ನ ಎಲ್‌ಇಡಿ ದೀಪ ಹಾಕಿಸಿದ್ದರು. ಹಾಲಿನಂಥ ಬಿಳಿ ಬೆಳಕು. ಸಂಜೆ ಹೊತ್ತಿಸಿದರೆ ಬೆಳಗಾಗುವ ತನಕ ಉರಿಯುತ್ತಿತ್ತು.

ಮೊದಲು ಮಗುವಿನ ಗಾಯ

ನಾನು ಹೋದ ಕೂಡಲೇ ಅಕ್ಕನ ಮಗಳ ಕುತ್ತಿಗೆ ನೋಡಿದೆ. ಎಂಟನೇ ತರಗತಿಯ ಹುಡುಗಿ. ಕಿವಿಯ ಕೆಳಗಿನಿಂದ ಹೆಗಲಿನ ತನಕ ಬರೆ ಎಳೆದಂತೆ ಉದ್ದಕ್ಕೆ ಕೆಂಪು ಪಟ್ಟಿ, ನಡುವೆ ಸಣ್ಣ ಸಣ್ಣ ಗುಳ್ಳೆ. ಮೊಣಕೈ ಒಳಗೂ ಹಾಗೇ ಒಂದು ಗುರುತು. ವಿಶೇಷ ಏನೆಂದರೆ, ಕೈ ಮಡಚಿದಾಗ ಒಂದಕ್ಕೊಂದು ತಾಗುವ ಎರಡೂ ಕಡೆ ಒಂದೇ ಆಕಾರದ ಗಾಯ. ಕನ್ನಡಿಯಲ್ಲಿ ಕಂಡ ಹಾಗೆ.

ನನಗೆ ಅನುಮಾನ ಬಂತು. ಆದರೆ ನಾನು ವೈದ್ಯೆ ಅಲ್ಲ. ಮಧ್ಯಾಹ್ನವೇ ಶಿರಸಿಗೆ ಕರೆದುಕೊಂಡು ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಅವರು ನೋಡಿದವರೇ, "ರಾತ್ರಿ ದೀಪದ ಕೆಳಗೆ ಓದಲು ಕೂರುತ್ತೀಯಾ ಮಗಾ? ಕುತ್ತಿಗೆ ಮೇಲೆ ಏನೋ ಹರಿದಾಗ ಕೈಯಿಂದ ಉಜ್ಜಿದ್ದೆಯಾ?" ಎಂದು ಕೇಳಿದರು. ಹುಡುಗಿ ಹೌದು ಅಂದಳು. ಹುಳ ಇತ್ತು, ಉಜ್ಜಿ ಎಸೆದೆ, ಆವಾಗ ಏನೂ ಆಗಲಿಲ್ಲ, ಮಾರನೇ ದಿನ ಉರಿ ಶುರುವಾಯಿತು ಅಂದಳು.

ಅದು ಜೇಡ ಅಲ್ಲ. ಪೀಡೆರಸ್ ಎಂಬ ಸಣ್ಣ ಜೀರುಂಡೆ. ಒಂದು ಸೆಂಟಿಮೀಟರ್ ಕೂಡ ಉದ್ದ ಇರುವುದಿಲ್ಲ. ಮೈ ಕಿತ್ತಳೆ ಕೆಂಪು, ತಲೆ ಮತ್ತು ಬಾಲದ ತುದಿ ಕಪ್ಪು, ನಡುವೆ ನೀಲಿಹಸಿರು ಹೊಳೆಯುವ ಗಿಡ್ಡ ರೆಕ್ಕೆ. ಅವಸರದ ಇರುವೆಯ ಹಾಗೆ ಓಡುತ್ತದೆ. ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಅದರ ಮೈಯೊಳಗಿನ ರಸದಲ್ಲಿ ಪೀಡೆರಿನ್ ಎಂಬ ವಿಷ ಇದೆ. ಚರ್ಮದ ಮೇಲೆ ಅದನ್ನು ಜಜ್ಜಿದರೆ ಮಾತ್ರ ರಸ ಹೊರಗೆ ಬರುತ್ತದೆ. ಉರಿ, ಗುಳ್ಳೆ ಕಾಣುವುದು ಸಾಮಾನ್ಯವಾಗಿ 24ರಿಂದ 48 ಗಂಟೆ ಕಳೆದ ಮೇಲೆ. ಅಷ್ಟು ಹೊತ್ತಿಗೆ ಹುಳದ ನೆನಪು ಯಾರಿಗೂ ಇರುವುದಿಲ್ಲ. ಬೆಳಿಗ್ಗೆ ಎದ್ದು ಗಾಯ ನೋಡುತ್ತಾರೆ, ತಲೆ ಎತ್ತಿದರೆ ಮೂಲೆಯಲ್ಲಿ ಜೇಡ ಕಾಣುತ್ತದೆ. ಅಪವಾದ ಅದರ ತಲೆಗೆ ಕಟ್ಟಿಯಾಯಿತು.

ಈ ವಿಷಯವನ್ನು ಸ್ವಲ್ಪ ಒತ್ತಿ ಹೇಳುತ್ತೇನೆ. ಜೇಡ ಉಚ್ಚೆ ಹೊಯ್ದು ಚರ್ಮ ಸುಡುವುದಿಲ್ಲ. ಮಳೆಗಾಲದಲ್ಲಿ, ಅದರ ಕೊನೆಯಲ್ಲಿ, ಗದ್ದೆ ಹತ್ತಿರದ ಮನೆಗಳಲ್ಲಿ ಕಾಣುವ ಇಂಥ ಬರೆಗಳಲ್ಲಿ ಬಹಳಷ್ಟು ಈ ಜೀರುಂಡೆಯವು. ಹುಳ ಮೈ ಮೇಲೆ ಕೂತರೆ ಊದಿ ಹಾರಿಸಿ, ಇಲ್ಲವೇ ಕಾಗದದ ಚೂರಿಗೆ ಹತ್ತಿಸಿಕೊಂಡು ಹೊರಗೆ ಹಾಕಿ. ಅಪ್ಪಿತಪ್ಪಿ ಜಜ್ಜಿದರೆ ಕೂಡಲೇ ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಅದೇ ಕೈಯಲ್ಲಿ ಕಣ್ಣು ಮುಟ್ಟಬೇಡಿ. ಕಣ್ಣಿಗೆ ತಾಗಿದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಅಕ್ಕನ ಮಗಳ ಗಾಯ ಎರಡು ವಾರದಲ್ಲಿ ಒಣಗಿತು. ಕಪ್ಪು ಕಲೆ ಹೋಗಲು ಇನ್ನೂ ಕೆಲವು ತಿಂಗಳು ಬೇಕಾಯಿತು.

ಇದೇ ಹುಳ ಗದ್ದೆಯಲ್ಲಿ ಭತ್ತದ ಜಿಗಿಹುಳುವನ್ನು ತಿಂದು ರೈತನಿಗೆ ಉಪಕಾರವನ್ನೂ ಮಾಡುತ್ತದೆ. ಗದ್ದೆಯ ಜೇಡಗಳೂ ಅಷ್ಟೇ. ಅಲ್ಲಿ ಇದ್ದರೆ ಒಳ್ಳೆಯದು. ಅದನ್ನು ಮನೆಗೆ ಕರೆದು ತಂದದ್ದು ಯಾರು ಎಂಬುದೇ ಪ್ರಶ್ನೆ.

ಎರಡು ರಾತ್ರಿ, ಒಂದು ಟಾರ್ಚು

ಆ ರಾತ್ರಿ ಊಟ ಮುಗಿಸಿ ನಾನೂ ಅಕ್ಕನ ಮಗಳೂ ಟಾರ್ಚು, ನೋಟ್‌ಬುಕ್ಕು ಹಿಡಿದು ಮನೆ ಸುತ್ತಿದೆವು. ಕೊಲ್ಲುವುದು ಬೇಡ, ಎಣಿಸೋಣ ಅಂದೆ. ಹುಡುಗಿ ಮೊದಲು ನನ್ನ ಸೆರಗು ಬಿಡಲಿಲ್ಲ. ಹತ್ತು ನಿಮಿಷದ ಮೇಲೆ ಅವಳೇ ಟಾರ್ಚು ಕಿತ್ತುಕೊಂಡಳು.

ಮೂರು ಬಗೆಯ ಜೇಡ ಸಿಕ್ಕವು. ಮೂರರ ಕಥೆಯೂ ಬೇರೆ ಬೇರೆ. ಈ ವ್ಯತ್ಯಾಸ ಗೊತ್ತಿಲ್ಲದೆ ಯಾವ ಉಪಾಯ ಮಾಡಿದರೂ ಅರ್ಧ ವ್ಯರ್ಥ.

ಮೂಲೆ ಮೂಲೆಯಲ್ಲಿ ತಲೆಕೆಳಗಾಗಿ ನೇತಾಡುವ, ಕೂದಲಿನಂಥ ಉದ್ದ ಕಾಲಿನ ಜೇಡ 17 ಇದ್ದವು. ಬಲೆಗೆ ಬೆರಳು ತಾಗಿಸಿದರೆ ಮೈಯನ್ನು ಎಷ್ಟು ಜೋರಾಗಿ ಅಲ್ಲಾಡಿಸುತ್ತದೆ ಅಂದರೆ ಅದು ಕಣ್ಣಿಗೇ ಕಾಣುವುದಿಲ್ಲ. ಹೆಣ್ಣು ತನ್ನ ಮೊಟ್ಟೆಗಳ ಸಣ್ಣ ಉಂಡೆಯನ್ನು ಬಾಯಲ್ಲೇ ಕಚ್ಚಿಕೊಂಡಿರುತ್ತದೆ. ಮನೆಯಲ್ಲಿ ಇಲ್ಲಣ, ಧೂಳು ಹಿಡಿದು ಜೋತು ಬೀಳುವ ಬಲೆ ಬಹಳ ಮಟ್ಟಿಗೆ ಇದರದ್ದೇ. ಇದು ಹೊರಗಿನಿಂದ ಬಂದದ್ದಲ್ಲ. ಹುಟ್ಟಿದ್ದು, ಬೆಳೆದದ್ದು, ಮೊಟ್ಟೆ ಇಟ್ಟದ್ದು ಎಲ್ಲ ಮನೆಯೊಳಗೇ. ಸೊಳ್ಳೆ, ನೊಣ, ಬೇರೆ ಜೇಡ ಎಲ್ಲ ತಿನ್ನುತ್ತದೆ. ಇದನ್ನು ತಡೆಯಲು ಬಾಗಿಲು ಮುಚ್ಚಿ ಏನೂ ಪ್ರಯೋಜನ ಇಲ್ಲ.

ಎರಡನೆಯದು ಹಗಲಲ್ಲಿ ಗೋಡೆ ಮೇಲೆ ಕುಪ್ಪಳಿಸುವ ಸಣ್ಣ ಜೇಡ. ಬಲೆ ಕಟ್ಟಿ ಕಾಯುವುದಿಲ್ಲ, ನೋಡಿ ನೋಡಿ ಹಾರಿ ಹಿಡಿಯುತ್ತದೆ. ಎಂಟು ಕಣ್ಣು, ಅದರಲ್ಲಿ ಮುಂದಿನ ಎರಡು ದೊಡ್ಡವು. ನಾವು ಸರಿದರೆ ತಿರುಗಿ ನಮ್ಮನ್ನೇ ನೋಡುತ್ತದೆ. ಇದರ ಬಗ್ಗೆ ಯಾರ ದೂರೂ ಇರಲಿಲ್ಲ.

ಅಕ್ಕನ ನಿದ್ದೆ ಕೆಡಿಸಿದ್ದು ಮೂರನೆಯದು. ಕಾಲು ಚಾಚಿದರೆ ಅಂಗೈಯಷ್ಟು ಅಗಲ, ಕಂದು ಬಣ್ಣ, ಚಪ್ಪಟೆ ಮೈ, ಮಿಂಚಿನ ಓಟ. ಇಂಗ್ಲಿಷಿನಲ್ಲಿ ಹಂಟ್ಸ್‌ಮನ್ ಅನ್ನುತ್ತಾರೆ, ವೈಜ್ಞಾನಿಕ ಹೆಸರು ಹೆಟಿರೋಪೋಡ ವೆನಟೋರಿಯಾ. ಪ್ರಪಂಚದ ಬಿಸಿ ನಾಡುಗಳಲ್ಲೆಲ್ಲ ಮನುಷ್ಯರ ಮನೆಗಳಲ್ಲಿ ಇರುತ್ತದೆ. ಇದು ಬಲೆ ಹೆಣೆಯುವುದೇ ಇಲ್ಲ. ರಾತ್ರಿ ಗೋಡೆ ಮೇಲೆ ಓಡಾಡಿ ಜಿರಳೆ ಹಿಡಿಯುತ್ತದೆ. ಮೈ ಚಪ್ಪಟೆ ಇರುವುದರಿಂದ ಬಾಗಿಲ ಸಂದು, ಕಟ್ಟಿಗೆಯ ಸಿಪ್ಪೆ, ಕ್ಯಾಲೆಂಡರಿನ ಹಿಂದೆ, ಎಲ್ಲಿ ಬೇಕಾದರೂ ನುಸುಳುತ್ತದೆ. ಆ ರಾತ್ರಿ 4 ಕಂಡವು. ಬಚ್ಚಲಮನೆಯಲ್ಲಿ 2, ಅಡುಗೆಮನೆಯಲ್ಲಿ 1, ಹಿಂದಿನ ಬಾಗಿಲ ಹತ್ತಿರ 1. ಬಚ್ಚಲ ಒಲೆಯ ಮೇಲಿನ ಗೋಡೆಯಲ್ಲಿದ್ದ ಹೆಣ್ಣು ಹೊಟ್ಟೆಯ ಕೆಳಗೆ ಬಿಳಿಯ ದುಂಡು ಚೀಲ ಹಿಡಿದಿತ್ತು. "ಅಂಗಿ ಗುಂಡಿ ಹಿಡಿದುಕೊಂಡ ಹಾಗಿದೆ ಚಿಕ್ಕಮ್ಮಾ" ಅಂದಳು ಹುಡುಗಿ. ಅದು ಮೊಟ್ಟೆಚೀಲ. ಒಳಗೆ ನೂರಕ್ಕೂ ಹೆಚ್ಚು ಮೊಟ್ಟೆ ಇರುತ್ತವೆ. ಮರಿ ಹೊರಬರುವ ತನಕ ತಾಯಿ ಅದನ್ನು ಹೊತ್ತೇ ತಿರುಗುತ್ತದೆ.

ಅಕ್ಕನ ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಬಚ್ಚಲದ್ದು ನಂಗೆ ಗೊತ್ತಿದ್ದು. ಅದು ಎಂತೂ ಮಾಡ್ತಿಲ್ಲೆ" ಅಂದರು. ಅವರ ಮಾತು ಬಹುಮಟ್ಟಿಗೆ ಸರಿ. ಕೈಯಲ್ಲಿ ಒತ್ತಿ ಹಿಡಿದರೆ ಕಚ್ಚಬಹುದು, ನೋಯುತ್ತದೆ, ಊದುತ್ತದೆ. ತೊಳೆದು ತಣ್ಣೀರ ಬಟ್ಟೆ ಇಟ್ಟರೆ ಸಾಮಾನ್ಯವಾಗಿ ಕಡಿಮೆ ಆಗುತ್ತದೆ. ಗಾಯ ಹರಡಿದರೆ, ಜ್ವರ ಬಂದರೆ, ಉಸಿರು ಕಟ್ಟಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಬೇಕು.

ಇಲ್ಲಿ ಇನ್ನೊಂದು ಮಾತು. ನಮ್ಮ ಘಟ್ಟದ ದರೆಗಳಲ್ಲಿ ಬಿಲ ಮಾಡಿಕೊಂಡಿರುವ ರೋಮದ ದಪ್ಪ ಜೇಡವೇ ಬೇರೆ. ಅದು ಟರಾಂಟುಲಾ ಜಾತಿಯದು. 1899ರಲ್ಲಿ ಪೊಕಾಕ್ ಎಂಬ ವಿಜ್ಞಾನಿ ತ್ರಿಗ್ಮೊಪಿಯಸ್ ಎಂದು ಹೆಸರಿಟ್ಟ ಕುಲ ಕರ್ನಾಟಕ, ಗೋವಾ ಕಡೆಯ ಪಶ್ಚಿಮ ಘಟ್ಟದ್ದು. ಅದು ಮನೆ ವಾಸಿ ಅಲ್ಲ. ದಾರಿ ತಪ್ಪಿ ಅಂಗಳಕ್ಕೆ ಬಂದರೆ ಕೈ ಹಾಕದೆ, ಕೊಲ್ಲದೆ, ಕೋಲಿನಿಂದ ಬಕೆಟ್ಟಿಗೆ ಸರಿಸಿ ದರೆ ಕಡೆ ಬಿಟ್ಟರೆ ಆಯಿತು.

ದೀಪದ ಕೆಳಗೆ

ಹನ್ನೊಂದು ಗಂಟೆಗೆ ಅಂಗಳಕ್ಕೆ ಬಂದೆವು. ದೀಪದ ಸುತ್ತ ಹಾತೆಗಳ ಮೋಡ. ಗದ್ದೆಯಿಂದ ಬಂದ ಹಸಿರು ಜಿಗಿಹುಳು, ಪತಂಗ, ಸಣ್ಣ ಜೀರುಂಡೆ. ಬಿಳಿ ಬಟ್ಟೆ ಹಾಸಿ ಕೂತರೆ ಅರ್ಧ ಗಂಟೆಯಲ್ಲಿ ಅದೇ ಕಿತ್ತಳೆ ಕಪ್ಪು ಜೀರುಂಡೆ 6 ಬಿದ್ದವು. ತೊಲೆ ಮೇಲೆ ಹಲ್ಲಿ, ಮಾಡಿನ ಸಂದಿನಲ್ಲಿ ಜೇಡ, ಜಗಲಿ ಕಂಬದಿಂದ ತೊಲೆಗೆ ಹೊಸ ಬಲೆ. ಕಿಟಕಿಯ ಹರಿದ ಜಾಲರಿಯಿಂದ ಹಾತೆ ಒಳಗೆ ಹೋಗುತ್ತಿದ್ದವು. ಅವುಗಳ ಹಿಂದೆ ತಿನ್ನುವವೂ ಹೋಗುತ್ತಿದ್ದವು.

ಹುಳಗಳಿಗೆ ದೀಪದ ಮೇಲೆ ಆಸೆ ಅಂತ ನಾವು ಹೇಳುತ್ತಾ ಬಂದಿದ್ದೇವೆ. 2024ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಬೇರೆಯದೇ ತೋರಿಸಿತು. ರಾತ್ರಿ ನೆಲಕ್ಕಿಂತ ಆಕಾಶ ಬೆಳಕು. ಹಾರುವ ಹುಳ ಬೆಳಕಿನ ಕಡೆ ಬೆನ್ನು ಮಾಡಿ ಹಾರಿದರೆ ನೆಟ್ಟಗೆ ಇರುತ್ತದೆ. ಪಕ್ಕದಲ್ಲೇ ದೀಪ ಬಂದರೆ ಅದಕ್ಕೂ ಬೆನ್ನು ತಿರುಗಿಸುತ್ತದೆ, ದಾರಿ ಬಾಗುತ್ತದೆ, ಸುತ್ತುತ್ತಲೇ ಉಳಿಯುತ್ತದೆ. ಅಂದರೆ ಅವು ದೀಪದ ಬಳಿ ಸಿಕ್ಕಿಹಾಕಿಕೊಂಡಿವೆ. ಅದು ಓದಿದ ದಿನದಿಂದ ದೀಪದ ಕೆಳಗೆ ಸತ್ತು ಬಿದ್ದ ಹುಳ ಗುಡಿಸುವಾಗ ನನಗೆ ಸಂಕಟ ಆಗುತ್ತದೆ.

ಜೇಡಕ್ಕೆ ಬೇಕಾದದ್ದು ಊಟ, ನೀರು, ಅಡಗುವ ಜಾಗ. ಗಂಡು ಜೇಡಗಳು ಬೆಳೆದ ಮೇಲೆ ಹೆಣ್ಣು ಹುಡುಕಿ ತಿರುಗುತ್ತವೆ, ಆಗ ನಮ್ಮ ಕಣ್ಣಿಗೆ ಬೀಳುವುದು ಜಾಸ್ತಿ. ಮಳೆಗಾಲದಲ್ಲಿ ಹೊರಗೆಲ್ಲ ಒದ್ದೆ, ಮನೆಯೊಳಗೆ ಒಣ ಜಾಗ. ಅಕ್ಕನ ಮನೆಯಲ್ಲಿ ಮೂರೂ ಒಂದೇ ಕಡೆ ಸೇರಿದ್ದವು. ದೀಪ ಊಟ ಒದಗಿಸುತ್ತಿತ್ತು, ಬಚ್ಚಲು ನೀರು ಮತ್ತು ಜಿರಳೆ, ಗೋಡೆಗೆ ಒತ್ತಿದ ಕಟ್ಟಿಗೆ ಮತ್ತು ಅಟ್ಟದ ಗೋಣಿಚೀಲ ಮನೆ.

ಔಷಧ ಯಾಕೆ ಕೆಲಸ ಮಾಡಲಿಲ್ಲ

ಔಷಧ ಹೊಡೆಯಲು ಬಂದವರು ಗೋಡೆ ಬುಡಕ್ಕೆ, ಬಚ್ಚಲ ಗುಂಡಿಗೆ ಹೊಡೆದು ಒಂದು ಗಂಟೆಯಲ್ಲಿ ಹೋಗಿದ್ದರಂತೆ. ಜೇಡ ಎಲ್ಲಿಂದ ಬರುತ್ತದೆ ಎಂದು ನೋಡಿರಲಿಲ್ಲ. ಎದುರು ಸಿಕ್ಕ ಜೇಡ ಸತ್ತವು, ಸರಿ. ಆದರೆ ಜೇಡ ಉದ್ದ ಕಾಲಿನ ತುದಿಯಲ್ಲಿ ನಡೆಯುತ್ತದೆ, ಹೊಟ್ಟೆ ನೆಲಕ್ಕೆ ತಾಗುವುದಿಲ್ಲ. ಒಣಗಿದ ಔಷಧ ಅದರ ಮೈಗೆ ಸೇರುವುದು ಕಡಿಮೆ. ರೇಷ್ಮೆಚೀಲದ ಒಳಗಿನ ಮೊಟ್ಟೆಗೂ ತಲುಪುವುದಿಲ್ಲ. ಬಚ್ಚಲಲ್ಲಿ ಕಾಣುವ ದೊಡ್ಡ ಕೆಂಪು ಜಿರಳೆಯ ಒಂದು ಮೊಟ್ಟೆಚೀಲದಲ್ಲಿ 14ರಿಂದ 16 ಮೊಟ್ಟೆ. ಅದರ ಗಟ್ಟಿ ಕವಚಕ್ಕೂ ಔಷಧ ಇಳಿಯುವುದಿಲ್ಲ. ಗುಂಡಿಯಿಂದ ಎದ್ದ ಅರೆಜೀವದ ಜಿರಳೆ ಮನೆಯೊಳಗೆ ಹರಡಿದವು, ಸಂದಿನಲ್ಲಿದ್ದ ಜೇಡ ಜಾಗ ಬಿಟ್ಟು ಹೊರಗೆ ಬಂದವು. ಅಕ್ಕನಿಗೆ "ಜಾಸ್ತಿ ಆದವು" ಅನ್ನಿಸಿದ್ದಕ್ಕೆ ಕಾರಣ ಅದೇ ಎಂದು ನನ್ನ ಅಂದಾಜು.

ಅಕ್ಕ ಡಾಂಬರ್ ಗುಳಿಗೆಯನ್ನೂ ಮೂಲೆ ಮೂಲೆಗೆ ಇಟ್ಟಿದ್ದಳು. ಅದನ್ನು ನಾನೇ ತೆಗೆಸಿದೆ. ಅದರ ಆವಿ ಮಕ್ಕಳಿಗೆ ಒಳ್ಳೆಯದಲ್ಲ, ಚಿಕ್ಕ ಮಕ್ಕಳು ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕಿಕೊಂಡರೆ ಪ್ರಾಣಕ್ಕೇ ಅಪಾಯ. ಲಿಂಬೆಸಿಪ್ಪೆ, ನೀಲಗಿರಿ ಎಣ್ಣೆ ಭಾವನ ಪ್ರಯೋಗ. ವಾಸನೆ ಎರಡು ದಿನಕ್ಕೆ ಹೋಯಿತು, ಜೇಡ ಅಲ್ಲೇ ಇತ್ತು.

ಮಾಡಿದ್ದು

ಎಲ್ಲಕ್ಕಿಂತ ಕಷ್ಟ ಆದದ್ದು ದೀಪ. ಆರಿಸಿ ಅಂದರೆ ಭಾವ ಒಪ್ಪಲಿಲ್ಲ. ಹಂದಿ ಬಂದರೆ ಒಂದೇ ರಾತ್ರಿಗೆ ಗದ್ದೆ ಹೋಯಿತು ಅಂದರು. ಅವರ ಮಾತೂ ನ್ಯಾಯವೇ. ನಾಲ್ಕು ತಿಂಗಳ ದುಡಿಮೆ ಅದು. ಕೊನೆಗೆ ದೀಪವನ್ನು ಮನೆಯಿಂದ ಬಿಚ್ಚಿ ಗದ್ದೆಯ ಆ ಕಡೆಯ ಬದುವಿನ ಕಂಬಕ್ಕೆ, ಕಾಡಿನ ಕಡೆ ಮುಖ ಮಾಡಿ ಹಾಕಿಸಿದೆವು. ಜಗಲಿಗೆ 9 ವ್ಯಾಟ್‌ನ ಹಳದಿ ಬಲ್ಬು, ಅದೂ ಊಟ ಆಗುವ ತನಕ. ನೀಲಿ ಹೆಚ್ಚಿರುವ ಬಿಳಿ ಬೆಳಕಿಗಿಂತ ಹಳದಿ ಬೆಳಕಿಗೆ ಹುಳ ಕಡಿಮೆ ಸೇರುತ್ತವೆ. ಮಾರನೇ ರಾತ್ರಿ ಅದೇ ಬಟ್ಟೆ ಹಾಸಿ ಕೂತೆವು. ಕಿತ್ತಳೆ ಜೀರುಂಡೆ ಒಂದೂ ಬೀಳಲಿಲ್ಲ. ಒಂದೇ ರಾತ್ರಿಯ ಲೆಕ್ಕ, ನಿಜ. ಆದರೆ ಭಾವನ ಮುಖ ನೋಡಿದರೆ ಅವರಿಗೆ ನಂಬಿಕೆ ಬಂದದ್ದು ಗೊತ್ತಾಗುತ್ತಿತ್ತು. ಮಗಳ ಓದುವ ಮೇಜನ್ನೂ ಕಿಟಕಿಯಿಂದ ದೂರ ಸರಿಸಿದೆವು.

ಕಟ್ಟಿಗೆ ಕೊಟ್ಟಿಗೆಗೆ ಹೋಯಿತು. ಗೋಣಿಚೀಲ ಬಿಸಿಲು ಕಂಡವು, ರಟ್ಟಿನ ಪೆಟ್ಟಿಗೆ ಬಚ್ಚಲ ಒಲೆ ಸೇರಿದವು. ಹಿಂದಿನ ಬಾಗಿಲ ಕೆಳಗೆ ಬೆರಳು ತೂರುವಷ್ಟು ಸಂದು ಇತ್ತು, ಅದಕ್ಕೆ ರಬ್ಬರ್ ಪಟ್ಟಿ ಬಡಿಸಿದೆವು. ಪೈಪು ಹೊರಹೋಗುವ ತೂತಿಗೆ ಸಿಮೆಂಟು, ಕಿಟಕಿಗೂ ಬಚ್ಚಲ ಗವಾಕ್ಷಿಗೂ ಹೊಸ ಜಾಲರಿ, ನೀರು ಹೋಗುವ ಕಂಡಿಗೆ ಸಣ್ಣ ಕಣ್ಣಿನ ಮುಚ್ಚಳ.

ಜಿರಳೆಗೆ ಸಿಂಪಡಿಸುವ ಔಷಧ ಬಿಟ್ಟು ಅಂಗಡಿಯಲ್ಲಿ ಸಿಗುವ ಜೆಲ್ ತಂದೆವು. ಮಕ್ಕಳ, ಬೆಕ್ಕಿನ ಬಾಯಿಗೆ ಸಿಗದ ಸಂದುಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಇಟ್ಟೆವು. ರಾತ್ರಿ ಮುಸುರೆ ಪಾತ್ರೆ ಬಿಡದೆ ತೊಳೆದಿಡುವುದು, ಬಚ್ಚಲ ನೆಲ ಒರೆಸುವುದು ಅಕ್ಕನ ಪಾಲಿಗೆ ಬಂತು. ಈ ಕೆಲಸ ಅವಳೊಬ್ಬಳ ತಲೆಗೆ ಬೀಳಬಾರದಿತ್ತು ಎಂದು ಭಾವನಿಗೆ ಹೇಳಿದೆ. ಈಗ ಒರೆಸುವುದು ಅವರ ಕೆಲಸ.

ಮೂಲೆಯ ಉದ್ದಕಾಲಿನ ಜೇಡಕ್ಕೆ ಇರುವ ದಾರಿ ಒಂದೇ. ವಾರಕ್ಕೊಮ್ಮೆ ಉದ್ದ ಕೋಲಿಗೆ ಪೊರಕೆ ಕಟ್ಟಿ ಬಲೆ ತೆಗೆಯುವುದು. ಒಮ್ಮೆ ತೆಗೆದರೆ ಮತ್ತೆ ಕಟ್ಟುತ್ತದೆ. ನಾಲ್ಕು ಸಲ ಕೆಡವಿದರೆ ಆ ಜಾಗ ಬಿಡುತ್ತದೆ. ಮಲಗುವ ಕೋಣೆ, ಅಡುಗೆಮನೆ ಇಷ್ಟಕ್ಕೆ ಸಾಕು ಅಂದೆ. ಹಂಚಿನ ಮಾಡಿನ ಸಂದು ಮುಚ್ಚಲು ಹೋಗಲಿಲ್ಲ. ಆ ಮನೆ ಉಸಿರಾಡುವುದೇ ಅಲ್ಲಿಂದ. ಅಟ್ಟದ ಮೇಲೆ ಜೇಡ ಇದ್ದರೆ ಇರಲಿ.

ದೊಡ್ಡ ಜೇಡ ಹಿಡಿಯುವುದನ್ನು ಹುಡುಗಿಗೆ ಕಲಿಸಿದೆ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯನ್ನು ನಿಧಾನ ಗೋಡೆಗೆ ಕವುಚಬೇಕು, ನೋಟ್‌ಬುಕ್ಕಿನ ರಟ್ಟನ್ನು ಮೆಲ್ಲಗೆ ಕೆಳಗೆ ತೂರಿಸಬೇಕು. ಕಾಲು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕು. ಮೂರು ಹಂಟ್ಸ್‌ಮನ್ ಕೊಟ್ಟಿಗೆಗೆ ಹೋದವು. ಬಚ್ಚಲ ಒಲೆಯ ಮೇಲಿದ್ದ ತಾಯಿಯನ್ನು ಅತ್ತೆ ಮುಟ್ಟಲು ಬಿಡಲಿಲ್ಲ.

ಮೂರು ತಿಂಗಳ ಮೇಲೆ

ಡಿಸೆಂಬರಿನಲ್ಲಿ ಮತ್ತೆ ಹೋಗಿ ಅದೇ ಹೊತ್ತಿಗೆ ಎಣಿಸಿದೆ. ದೊಡ್ಡ ಜೇಡ 1. ಉದ್ದಕಾಲಿನವು 5, ಎಲ್ಲ ಅಟ್ಟದ ಮೆಟ್ಟಿಲ ಕಡೆ. ಗದ್ದೆ ಕೊಯ್ಲು ಮುಗಿದಿತ್ತು, ಚಳಿ ಬಿದ್ದಿತ್ತು, ಹುಳವೇ ಕಡಿಮೆ ಇರುವ ಕಾಲ. ಹಾಗಾಗಿ ಎಲ್ಲವೂ ನಮ್ಮ ಕೆಲಸದ ಫಲ ಎಂದು ಹೇಳಲಾರೆ. ಜಿರಳೆ ಕಡಿಮೆಯಾದದ್ದು ಮಾತ್ರ ಖಂಡಿತ ನಮ್ಮ ಕೆಲಸದ್ದು. ಹಂದಿ ಒಂದು ಸಲ ಬಂದಿತ್ತಂತೆ, ದೀಪ ಇರುವ ಬದು ಬಿಟ್ಟು ಮೇಲಿನ ಕಡೆಯಿಂದ.

ಜೂನ್‌ನಲ್ಲಿ ಮಳೆ ಹಿಡಿದ ವಾರ ಅಕ್ಕನ ಫೋನ್ ಬಂತು. "ಬಚ್ಚಲಲ್ಲಿ ದೊಡ್ಡದೊಂದು ಇದೆ. ಬಿಳಿ ಗುಂಡಿ ಹಿಡಿದಿದೆ. ಅತ್ತೆ ಇರಲಿ ಅಂತಾರೆ, ಇವರು ಹೊರಗೆ ಹಾಕು ಅಂತಾರೆ. ಎಂತ ಮಾಡಲಿ?" ನಾನು ಉತ್ತರ ಹೇಳುವಷ್ಟರಲ್ಲಿ ಹಿಂದಿನಿಂದ ಹುಡುಗಿಯ ದನಿ ಕೇಳಿತು. ಡಬ್ಬಿ ತಂದಿದ್ದಳು. ಕೊಟ್ಟಿಗೆಯ ಕಟ್ಟಿಗೆ ಮೇಲೆ ಬಿಟ್ಟು ಬಂದಳಂತೆ. ಆ ರಾತ್ರಿ ಅತ್ತೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು, ಒಲೆಯ ಮೇಲಿನ ಗೋಡೆಯನ್ನು ಒಮ್ಮೆ ನೋಡಿ ಬಂದರಂತೆ.